ಬೋರ್ಡು ಡೆಲವೇರ್‌ನದು, ಕಂದಾಯ ಹೊಸನಗರದ್ದು

ಮೊಬೈಲ್ ತೆರೆದರೆ ಜಾಹೀರಾತು: 'ಮನೆಯಲ್ಲೇ ಕೂತು ಒಂದೇ ವಾರದಲ್ಲಿ ಅಮೆರಿಕದ ಕಂಪನಿಗೆ ಮಾಲೀಕರಾಗಿ.' ಪತ್ರಿಕೆಯ ವಾಣಿಜ್ಯ ಪುಟ ತಿರುಗಿಸಿದರೆ ಅದಕ್ಕೆ ತದ್ವಿರುದ್ಧವಾದ ಸುದ್ದಿ. ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ತನ್ನ ನೆಲೆಯನ್ನು ಭಾರತಕ್ಕೆ ತಂದಿತು. ಅದಕ್ಕಾಗಿ ಅದರ ಹೂಡಿಕೆದಾರರು ಇಲ್ಲಿ ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಷೇರು ವಹಿವಾಟಿನ ಆ್ಯಪ್ ಗ್ರೋ 2024ರಲ್ಲಿ ಅಮೆರಿಕದ ಡೆಲವೇರ್‌ನಿಂದ ಬಂತು, ತೆರಿಗೆ ಸುಮಾರು 1,340 ಕೋಟಿ. 2025ರಲ್ಲಿ ಜೆಪ್ಟೊ, ರೇಜರ್‌ಪೇ ಬಂದವು. ಸಿಂಗಪುರದಲ್ಲಿ ನೆಲೆಯಿದ್ದ ಫ್ಲಿಪ್‌ಕಾರ್ಟ್ ಕೂಡ ಮರಳುವ ತೀರ್ಮಾನವನ್ನು ಅದೇ ವರ್ಷ ಪ್ರಕಟಿಸಿತು.

ದೊಡ್ಡವರು ಸಾವಿರಾರು ಕೋಟಿ ತೆತ್ತು ಬಿಟ್ಟು ಬರುತ್ತಿರುವ ಊರಿಗೆ ಚಿಕ್ಕವರನ್ನು ಕೆಲವು ಸಾವಿರ ರೂಪಾಯಿಗೆ ಕಳಿಸಿಕೊಡುತ್ತೇವೆ ಎನ್ನುವವರು ಹುಟ್ಟಿಕೊಂಡಿದ್ದಾರೆ. ಈ ಜಾಹೀರಾತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯೂ ಕಿವಿಗೊಡುವವರಿದ್ದಾರೆ. ಕೋವಿಡ್ ಕಾಲದಲ್ಲಿ ಬೆಂಗಳೂರು ಬಿಟ್ಟು ಬಂದು ಊರಿಂದಲೇ ವಿದೇಶಿ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆಯುವವರು, ಅಡಿಕೆ ಹಾಳೆಯ ತಟ್ಟೆ ರಫ್ತು ಮಾಡುವವರು, ಕಾಳುಮೆಣಸು, ಜೇನುತುಪ್ಪವನ್ನು ಆನ್‌ಲೈನ್‌ನಲ್ಲಿ ಮಾರುವವರು. ಇವರಿಗೆ ವಿದೇಶಿ ನೋಂದಣಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ನೋಂದಣಿಯಿಂದ ಬದಲಾಗುವುದು ಯಾವುದು?

ಮಲೆನಾಡಿನವರಿಗೆ ಇದನ್ನು ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ಹೊಸನಗರದ ಬೆಳೆಗಾರ ಅಡಿಕೆ ಮೂಟೆಗಳನ್ನು ಶಿವಮೊಗ್ಗದ ಮಂಡಿಗೆ ತರುತ್ತಾನೆ. ರಾಶಿ, ಬೆಟ್ಟೆ, ಗೊರಬಲು ಎಂದು ದರ್ಜೆ ನಿಗದಿಯಾಗುವುದು, ತೂಕ ಆಗುವುದು, ದರ ಕೂಗುವುದು, ದುಡ್ಡು ಎಷ್ಟು ದಿನಕ್ಕೆ ಕೈಸೇರಬೇಕೆಂಬ ವಾಡಿಕೆ, ಎಲ್ಲವೂ ಶಿವಮೊಗ್ಗದ ರೀತಿಯಲ್ಲಿ ನಡೆಯುತ್ತವೆ. ಕೊಳ್ಳುವವನಿಗೂ ಮಾರುವವನಿಗೂ ಆ ರೀತಿ ಗೊತ್ತಿರುವುದರಿಂದಲೇ ಇಬ್ಬರೂ ಅಲ್ಲಿಗೆ ಬರುತ್ತಾರೆ. ಹಾಗೆಂದು ತೋಟದ ಕಂದಾಯ ಶಿವಮೊಗ್ಗಕ್ಕೆ ಹೋಗುವುದಿಲ್ಲ. ಪಹಣಿ ಇರುವುದು ಹೊಸನಗರದಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದೂ ಅಲ್ಲೇ.

ಕಂಪನಿಯ ನೋಂದಣಿ ಮಂಡಿಯ ಆಯ್ಕೆ ಇದ್ದ ಹಾಗೆ. ಡೆಲವೇರ್‌ನಲ್ಲಿ ನೋಂದಾಯಿಸಿದರೆ ಕಂಪನಿಯ ಒಳಗಿನ ವ್ಯವಹಾರಕ್ಕೆ, ಅಂದರೆ ಷೇರುದಾರರ ಹಕ್ಕು, ನಿರ್ದೇಶಕರ ಹೊಣೆ, ಪಾಲು ಮಾರಾಟ, ವಿಲೀನ ಇಂಥವಕ್ಕೆ, ಡೆಲವೇರ್ ಕಾನೂನು ಅನ್ವಯಿಸುತ್ತದೆ. ಮಾಲೀಕ ಎಲ್ಲಿ ಕೂತು ಕೆಲಸ ಮಾಡುತ್ತಾನೆ, ಸರಕು ಎಲ್ಲಿ ತಯಾರಾಗುತ್ತದೆ, ಆದಾಯ ಯಾರ ಕೈಗೆ ಬರುತ್ತದೆ ಎಂಬುದನ್ನು ನೋಡುವ ತೆರಿಗೆ, ಸುಂಕ, ವಿದೇಶಿ ವಿನಿಮಯದ ಕಾನೂನುಗಳಿಗೆ ಆ ಬೋರ್ಡಿನಿಂದ ಏನೂ ಆಗಬೇಕಾಗಿಲ್ಲ. ಗೊಂದಲ ಹುಟ್ಟುವುದೆಲ್ಲ ಈ ಎರಡನ್ನು ಒಂದೇ ಎಂದುಕೊಂಡಾಗ.

ಡೆಲವೇರ್‌ಗೆ ಈ ಹೆಸರು ಹೇಗೆ ಬಂತು?

ಡೆಲವೇರ್ ಅಮೆರಿಕದ ಪೂರ್ವ ಕರಾವಳಿಯ ಪುಟ್ಟ ರಾಜ್ಯ. ಜನಸಂಖ್ಯೆ ಸುಮಾರು 10 ಲಕ್ಷ, ಅಲ್ಲಿ ನೋಂದಾಯಿತವಾದ ಸಂಸ್ಥೆಗಳು 20 ಲಕ್ಷಕ್ಕೂ ಹೆಚ್ಚು. ತಲೆಗೆರಡು ಕಂಪನಿ! ಅಮೆರಿಕದ ಅತಿ ದೊಡ್ಡ 500 ಕಂಪನಿಗಳ ಪಟ್ಟಿಯಲ್ಲಿ ಮೂರನೇ ಎರಡರಷ್ಟಕ್ಕೆ ಇದೇ ತವರು. ವಿಲ್ಮಿಂಗ್ಟನ್ ನಗರದ ನಾರ್ತ್ ಆರೆಂಜ್ ಬೀದಿಯ 1209ನೇ ನಂಬರಿನ ಒಂದು ಸಾಧಾರಣ ಕಟ್ಟಡವೇ 2.85 ಲಕ್ಷ ಸಂಸ್ಥೆಗಳಿಗೆ ಅಧಿಕೃತ ವಿಳಾಸ ಎಂಬುದು 2012ರ ಹೊತ್ತಿಗೆ ಅಮೆರಿಕದಲ್ಲೇ ದೊಡ್ಡ ಸುದ್ದಿಯಾಗಿತ್ತು.

ಈ ಪಟ್ಟ ಮೊದಲು ನ್ಯೂಜೆರ್ಸಿಯದಾಗಿತ್ತು. 19ನೇ ಶತಮಾನದ ಕೊನೆಯಲ್ಲಿ ದೊಡ್ಡ ಕಂಪನಿಗಳೆಲ್ಲ ಅಲ್ಲಿ ನೋಂದಣಿಗೆ ಸಾಲುಗಟ್ಟಿದ್ದವು. ಡೆಲವೇರ್ 1899ರಲ್ಲಿ ಹೆಚ್ಚುಕಡಿಮೆ ಅದೇ ಮಾದರಿಯ ಕಂಪನಿ ಕಾನೂನು ಮಾಡಿಕೊಂಡು ಕಾದು ಕೂತಿತು. 1913ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿದ್ದ ವುಡ್ರೊ ವಿಲ್ಸನ್, ಅಮೆರಿಕದ ಅಧ್ಯಕ್ಷ ಪದವಿಗೆ ಹೊರಡುವ ಮುನ್ನ, ಕಂಪನಿಗಳ ಏಕಸ್ವಾಮ್ಯಕ್ಕೆ ಮೂಗುದಾರ ಹಾಕುವ ಏಳು ಬಿಗಿ ಕಾನೂನು ತಂದರು. ಕಂಪನಿಗಳು ಹೊಳೆ ದಾಟಿ ಪಕ್ಕದ ಡೆಲವೇರ್‌ಗೆ ನಡೆದವು. ಆಮೇಲೆ ನ್ಯೂಜೆರ್ಸಿ ಕಾನೂನು ಸಡಿಲಿಸಿದರೂ ಹೋದವರು ತಿರುಗಿ ಬರಲಿಲ್ಲ.

ಅವರನ್ನು ಹಿಡಿದಿಟ್ಟದ್ದು ಅಲ್ಲಿನ ಚಾನ್ಸರಿ ನ್ಯಾಯಾಲಯ. 1792ರಲ್ಲಿ ಸ್ಥಾಪನೆಯಾದ ಇಲ್ಲಿ ಜ್ಯೂರಿ ಇಲ್ಲ. ಕಂಪನಿ ಕಾನೂನಿನಲ್ಲೇ ಪಳಗಿದ ನ್ಯಾಯಾಧೀಶರು ವಾದ ಕೇಳಿ, ಕಾರಣ ಬರೆದು ತೀರ್ಪು ಕೊಡುತ್ತಾರೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಇಂಥ ತೀರ್ಪುಗಳು ರಾಶಿ ಬಿದ್ದಿರುವುದರಿಂದ, 'ಹೀಗೆ ಮಾಡಿದರೆ ಕೋರ್ಟಿನಲ್ಲಿ ಏನಾದೀತು' ಎಂದು ವಕೀಲ ಮೊದಲೇ ಅಂದಾಜು ಮಾಡಬಲ್ಲ. ಹಣ ಹೂಡುವವನಿಗೆ ಬೇಕಾದದ್ದು ಈ ಅಂದಾಜು. ಡೆಲವೇರ್‌ನ ಪ್ರತಿಷ್ಠೆ ಎಂದರೆ ಇಷ್ಟೇ. ಇದರಲ್ಲಿ ತೆರಿಗೆ ಉಳಿತಾಯದ ಮಂತ್ರವೇನೂ ಇಲ್ಲ.

ಆ ಪ್ರತಿಷ್ಠೆಗೂ ಈಗ ಗೀರು ಬಿದ್ದಿದೆ. 2024ರ ಜನವರಿಯಲ್ಲಿ ಚಾನ್ಸರಿ ನ್ಯಾಯಾಲಯ ಟೆಸ್ಲಾ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರ ಸುಮಾರು 5,600 ಕೋಟಿ ಡಾಲರ್ ಸಂಭಾವನೆಯನ್ನು ರದ್ದು ಮಾಡಿತು. ಅದೇ ಜೂನ್‌ನಲ್ಲಿ ಟೆಸ್ಲಾ ತನ್ನ ನೋಂದಣಿಯನ್ನು ಟೆಕ್ಸಸ್‌ಗೆ ಸಾಗಿಸಿತು. ಇನ್ನಷ್ಟು ಮಂದಿ ಎದ್ದು ಹೋದಾರೆಂಬ ಆತಂಕದಲ್ಲಿ ಡೆಲವೇರ್ 2025ರ ಮಾರ್ಚ್‌ನಲ್ಲಿ ನಿಯಂತ್ರಣ ಹೊಂದಿದ ಷೇರುದಾರರಿಗೆ ಅನುಕೂಲವಾಗುವಂತೆ ಕಾನೂನು ತಿದ್ದಿತು. ಸಂಭಾವನೆಯ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ತಿರುಗಿಸಿತು. ಕಂಪನಿಗಳು ಕಟ್ಟುವ ಶುಲ್ಕ, ತೆರಿಗೆ ರಾಜ್ಯದ ಬೊಕ್ಕಸದ ದೊಡ್ಡ ಆಧಾರ. ಗಿರಾಕಿ ಮುನಿಸಿಕೊಂಡರೆ ಅಂಗಡಿಯವನು ಚೌಕಾಸಿಗೆ ಬರಲೇಬೇಕು.

ಹೋದದ್ದೇಕೆ, ಬಂದದ್ದೇಕೆ?

ಭಾರತದ ಸ್ಟಾರ್ಟ್‌ಅಪ್‌ಗಳು 2010ರ ದಶಕದಲ್ಲಿ ಹೊರಗೆ ಹೋದದ್ದಕ್ಕೆ ಗಟ್ಟಿ ಕಾರಣಗಳಿದ್ದವು. ಅಮೆರಿಕದ ಹೂಡಿಕೆದಾರರು ತಮಗೆ ಗೊತ್ತಿರುವ ಕಾನೂನಿನ ಕಂಪನಿಗೇ ಹಣ ಹಾಕುತ್ತೇವೆ ಎನ್ನುತ್ತಿದ್ದರು. ವೈ ಕಾಂಬಿನೇಟರ್‌ನಂಥ ಹೆಸರಾಂತ ಹೂಡಿಕೆ ಸಂಸ್ಥೆ ಒಪ್ಪುವ ದೇಶಗಳ ಪಟ್ಟಿಯಲ್ಲಿ ಅಮೆರಿಕ, ಸಿಂಗಪುರ ಇವೆ, ಭಾರತ ಇಲ್ಲ. ಇತ್ತ 2012ರಲ್ಲಿ ನಮ್ಮಲ್ಲಿ 'ಏಂಜೆಲ್ ತೆರಿಗೆ' ಬಂತು. ಷೇರನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ಮಾರಿದರೆ ಆ ಹೆಚ್ಚುವರಿಯನ್ನು ಆದಾಯವೆಂದು ಲೆಕ್ಕ ಹಾಕುವ ತೆರಿಗೆ ಅದು. ಹೊಸ ಕಂಪನಿಯ ನ್ಯಾಯಬೆಲೆ ಯಾವುದು ಎಂಬುದೇ ತಕರಾರಿನ ವಿಷಯವಾದ್ದರಿಂದ ನೋಟಿಸುಗಳು ಬಂದವು. 2021ರ ಅಕ್ಟೋಬರ್‌ನಿಂದ ಕಾರ್ಡಿನ ಮೇಲೆ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಾಗ ಚಂದಾ ಮಾದರಿಯಲ್ಲಿ ಸಾಫ್ಟ್‌ವೇರ್ ಮಾರುವವರಿಗೂ ತೊಡಕಾಯಿತು. ಮುಂದೆ ಸ್ಟ್ರೈಪ್ ಎಂಬ ಅಮೆರಿಕದ ಪಾವತಿ ಸಂಸ್ಥೆ 2024ರಿಂದ ಭಾರತದಲ್ಲಿ ಆಹ್ವಾನವಿದ್ದವರಿಗೆ ಮಾತ್ರ ಖಾತೆ ಕೊಡತೊಡಗಿತು. ಅಲ್ಲಿನ ಕಂಪನಿಯೊಂದಿದ್ದರೆ ಖಾತೆ ಸಲೀಸು. ಅದೇ ಸಂಸ್ಥೆ 500 ಡಾಲರ್ ತೆಗೆದುಕೊಂಡು ಡೆಲವೇರ್ ಕಂಪನಿಯನ್ನೂ ಮಾಡಿಕೊಡುತ್ತದೆ.

ಈಗ ಲೆಕ್ಕ ತಿರುಗಿದೆ. ಏಂಜೆಲ್ ತೆರಿಗೆಯನ್ನು 2024ರ ಜುಲೈ ಬಜೆಟ್ ತೆಗೆದುಹಾಕಿತು. ಭಾರತದ ಷೇರುಪೇಟೆ ಬೆಲೆ ಕೊಡತೊಡಗಿತು. ಇಲ್ಲಿ ಸಾರ್ವಜನಿಕರಿಗೆ ಷೇರು ಮಾರಬೇಕಾದರೆ ಇಲ್ಲಿನ ಕಂಪನಿಯೇ ಇರುವುದು ನೇರ ದಾರಿ. 2024ರ ಸೆಪ್ಟೆಂಬರ್ 17ರಿಂದ ವಿದೇಶಿ ಮಾತೃಸಂಸ್ಥೆ ತನ್ನ ಪೂರ್ಣ ಒಡೆತನದ ಭಾರತೀಯ ಅಂಗಸಂಸ್ಥೆಯೊಳಗೆ ವಿಲೀನವಾಗಲು ಕಂಪನಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಿಲ್ಲದ ತ್ವರಿತ ಮಾರ್ಗವೂ ತೆರೆಯಿತು, ಆದರೆ ರಿಸರ್ವ್ ಬ್ಯಾಂಕಿನ ಒಪ್ಪಿಗೆಯೂ ಬೇಕು.

ಹಾಗಾದರೆ ಸಾವಿರಾರು ಕೋಟಿ ತೆರಿಗೆ ಯಾವುದರ ಮೇಲೆ? ಹೊರಗಿನ ಕಂಪನಿಯ ಷೇರು ಕೊಟ್ಟು ಇಲ್ಲಿನ ಕಂಪನಿಯ ಷೇರು ಪಡೆಯುವುದನ್ನು ಸಂದರ್ಭಕ್ಕೆ ತಕ್ಕಂತೆ ಮಾರಾಟ ಎಂದೇ ಪರಿಗಣಿಸಲಾಗುತ್ತದೆ. ಕೈಗೆ ಬಿಡಿಗಾಸು ಬರದಿದ್ದರೂ ಷೇರಿನ ಬೆಲೆ ಏರಿದಷ್ಟಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಹೋಗುವಾಗ ಕಂಪನಿ ಚಿಕ್ಕದಿತ್ತು, ಬೆಲೆ ಇರಲಿಲ್ಲ. ಬರುವಾಗ ಬೆಳೆದಿತ್ತು. ಆ ಅಂತರಕ್ಕೆ ಕಟ್ಟಿದ ಹಣ ಅದು.

ತೀರ್ಥಹಳ್ಳಿಯಿಂದ ಒಂದು ಲೆಕ್ಕ

ಷೇರುಪೇಟೆ, ಸಾವಿರ ಕೋಟಿ ನಮಗೆ ದೂರದ ಮಾತು. ತೀರ್ಥಹಳ್ಳಿಯಲ್ಲಿ ಕೂತು ಅಮೆರಿಕದ ಎರಡು ಮೂರು ಗ್ರಾಹಕರಿಗೆ ತಾಂತ್ರಿಕ ಸಲಹೆ ಕೊಡುತ್ತ ವರ್ಷಕ್ಕೆ 40 ಲಕ್ಷ ರೂಪಾಯಿ ದುಡಿಯುವ ಒಬ್ಬರನ್ನು ಊಹಿಸಿಕೊಳ್ಳಿ.

ಕಂಪನಿಯೇ ಇಲ್ಲದೆ ಸ್ವಂತ ಹೆಸರಿನಲ್ಲಿ ದುಡಿದರೆ ಏನಾಗುತ್ತದೆ? ತಾಂತ್ರಿಕ ಸಲಹೆಯೂ ಸೇರಿದಂತೆ ನಿಗದಿತ ವೃತ್ತಿಗಳವರಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಆದಾಯದ ಪದ್ಧತಿ ಇದೆ. ನಗದು ವಸೂಲಿ ಶೇ 5 ಮೀರದಿದ್ದರೆ 75 ಲಕ್ಷದವರೆಗಿನ ವಸೂಲಿಗೆ ಇದು ಸಿಗುತ್ತದೆ. ಬಂದ ಹಣದಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು, ಖರ್ಚಿನ ಚೀಟಿ ಜೋಡಿಸುವ ಗೋಜಿಲ್ಲ. 40 ಲಕ್ಷದಲ್ಲಿ ತೆರಿಗೆಗೆ ಒಳಪಡುವುದು 20 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ತೆರಿಗೆ 2,00,000, ಸೆಸ್ 8,000. ಒಟ್ಟು ದುಡಿಮೆಯ ಶೇ 5.2. ಜಿಎಸ್‌ಟಿ ನೋಂದಣಿ ಮಾಡಿಸಿ ಮುಚ್ಚಳಿಕೆ ಪತ್ರ ಕೊಟ್ಟರೆ ಸೇವಾ ರಫ್ತಿನ ಮೇಲೆ ಜಿಎಸ್‌ಟಿ ಕಟ್ಟಬೇಕಿಲ್ಲ.

ಇದೇ ವ್ಯಕ್ತಿ ಡೆಲವೇರ್‌ನಲ್ಲಿ ಪೂರ್ಣ ಪ್ರಮಾಣದ ಕಾರ್ಪೊರೇಷನ್ ಮಾಡಿದರೆ? ಲಾಭದ ಮೇಲೆ ಅಮೆರಿಕದ ಒಕ್ಕೂಟ ಸರ್ಕಾರದ ತೆರಿಗೆ ಶೇ 21. ಉಳಿದ 79ನ್ನು ಲಾಭಾಂಶವಾಗಿ ಊರಿಗೆ ತರಿಸಿದರೆ ಎರಡೂ ದೇಶಗಳ ಒಪ್ಪಂದದಂತೆ ಅಲ್ಲೇ ಶೇ 25 ಹಿಡಿಯುತ್ತಾರೆ. 100 ಡಾಲರ್ ಲಾಭದಲ್ಲಿ ಕೈಗೆ ಉಳಿಯುವುದು 59 ಡಾಲರ್ ಮತ್ತು ಚಿಲ್ಲರೆ. ಇಲ್ಲಿ ಮತ್ತೆ ಅದನ್ನು ಆದಾಯಕ್ಕೆ ಸೇರಿಸಿ, ಅಲ್ಲಿ ಹಿಡಿದ 25ರ ಮಟ್ಟಿಗೆ ವಿನಾಯಿತಿ ಕೇಳಬೇಕು. ಸಂಬಳವಾಗಿ ತೆಗೆದುಕೊಂಡರೆ ಲೆಕ್ಕ ಬೇರೆಯಾಗುತ್ತದೆ, ಆದರೆ ಆಗಲೂ ಆ ಸಂಬಳಕ್ಕೆ ಇಲ್ಲಿ ಪೂರ್ತಿ ತೆರಿಗೆ.

ಜಾಹೀರಾತುಗಳು ಹೆಚ್ಚಾಗಿ ಮಾರುವುದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಎಂಬ ಇನ್ನೊಂದು ರೂಪವನ್ನು. 'ಅಮೆರಿಕದಲ್ಲಿ ಸೊನ್ನೆ ತೆರಿಗೆ' ಎಂಬ ಮಾತು ಹುಟ್ಟುವುದು ಇಲ್ಲಿ. ಅದು ಸುಳ್ಳೂ ಅಲ್ಲ. ಒಬ್ಬನೇ ಮಾಲೀಕನ ಎಲ್‌ಎಲ್‌ಸಿಯನ್ನು ಅಮೆರಿಕದ ತೆರಿಗೆ ಇಲಾಖೆ ಪ್ರತ್ಯೇಕ ಘಟಕವಾಗಿ ನೋಡುವುದಿಲ್ಲ, ಮಾಲೀಕನನ್ನೇ ನೋಡುತ್ತದೆ. ಅವನು ಅಮೆರಿಕದಲ್ಲಿ ವ್ಯವಹಾರ ನಡೆಸದೆ ತೀರ್ಥಹಳ್ಳಿಯಲ್ಲೇ ಕೆಲಸ ಮಾಡುವವನಾದರೆ ಆ ಆದಾಯ ತನ್ನ ನೆಲದ್ದಲ್ಲ ಎಂದು ಬಿಟ್ಟುಬಿಡುತ್ತದೆ. ಜಾಹೀರಾತು ಹೇಳದೆ ಬಿಡುವ ಉಳಿದರ್ಧ ಇದು: ಅಲ್ಲಿನದ್ದಲ್ಲದ ಆದಾಯ ಇಲ್ಲಿನದು. ನಮ್ಮ ಕಾನೂನಿನ ಕಣ್ಣಿಗೆ ಎಲ್‌ಎಲ್‌ಸಿ ಒಂದು ವಿದೇಶಿ ಕಂಪನಿಯಾಗಿ ಕಾಣಬಹುದು. ವಿದೇಶಿ ಕಂಪನಿ ಭಾರತದಲ್ಲಿ ಗಳಿಸಿದ ಆದಾಯಕ್ಕೆ ಮೂಲ ದರ ಶೇ 35. ಭಾರತೀಯ ಕಂಪನಿಗೆ ಶೇ 22ರ ಪದ್ಧತಿಯಲ್ಲಿ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಶೇ 25.17. ಮಾಡುವ ಕೆಲಸವೆಲ್ಲ ಇಲ್ಲೇ ಆಗುವಾಗ ಆ ಆದಾಯ ಭಾರತದಲ್ಲಿ ಹುಟ್ಟಿಲ್ಲ ಎಂದು ವಾದಿಸುವುದು ಕಷ್ಟ. ಇನ್ನು ಸ್ವಂತ ದುಡಿಮೆಗೆ ಸಿಗುತ್ತಿದ್ದ ಅಂದಾಜು ಆದಾಯದ ಸವಲತ್ತು, ಹಣ ಎಲ್‌ಎಲ್‌ಸಿಯ ಹೆಸರಿಗೆ ಬಿದ್ದಾಗ ಉಳಿಯುತ್ತದೆಯೇ ಎಂಬುದನ್ನು ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳುವುದು ಲೇಸು. ಶೇ 5.2 ಕಟ್ಟುತ್ತಿದ್ದವರು ಸೊನ್ನೆಯ ಆಸೆಗೆ ಬಿದ್ದು 35ರ ಬಾಯಿಗೆ ತಲೆ ಕೊಡಬಾರದಲ್ಲ.

ವಿದೇಶಿ ಕಂಪನಿಯ ನಿಜವಾದ ಆಡಳಿತ ಭಾರತದಿಂದಲೇ ನಡೆದರೆ ಅದನ್ನು ಭಾರತದ ನಿವಾಸಿ ಎಂದೇ ಎಣಿಸುವ ನಿಯಮವೂ ಇದೆ. ವಾರ್ಷಿಕ ವಹಿವಾಟು 50 ಕೋಟಿ ಮೀರದ ಕಂಪನಿಗಳಿಗೆ ಅದು ಅನ್ವಯಿಸದು ಎಂದು 2017ರ ಸುತ್ತೋಲೆ ಹೇಳಿದೆ. ನಮ್ಮ ಕಡೆಯ ಬಹುಪಾಲು ಜನಕ್ಕೆ ಆ ಚಿಂತೆ ಇಲ್ಲ.

ಹಾಳೆ ತಟ್ಟೆ ಮತ್ತು ಸುಂಕದ ಕಟ್ಟೆ

ಸರಕು ಮಾರುವವರ ಸಂಗತಿ ಇನ್ನೂ ನೇರ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದೆಂದು ತಾಕೀತು ಮಾಡಿತು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಅಂಶಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅದರ ವಾದ. ಕರ್ನಾಟಕ, ತಮಿಳುನಾಡಿನ ತಯಾರಕರಿಗೆ ಇದು ದೊಡ್ಡ ಏಟು. ಅದರ ಬೆನ್ನಿಗೇ ಆಗಸ್ಟ್‌ನಲ್ಲಿ ಭಾರತದ ಹಲವು ಸರಕುಗಳ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು.

ಇಂಥ ಹೊತ್ತಿನಲ್ಲಿ 'ನಮ್ಮದೇ ಅಮೆರಿಕನ್ ಕಂಪನಿ ಮಾಡಿದರೆ ಬಚಾವಾಗಬಹುದೇ' ಎಂಬ ಪ್ರಶ್ನೆ ಏಳುವುದು ಸಹಜ. ಆಗುವುದಿಲ್ಲ. ಸುಂಕ ನಿಗದಿಯಾಗುವುದು ಸರಕು ತಯಾರಾದ ದೇಶದ ಮೇಲೆ. ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಳಗಿರುವುದು ಸಾಗರದ ಹಾಳೆ ತಟ್ಟೆಯಾಗಿದ್ದರೆ ಅದನ್ನು ಕಳಿಸಿದವನ ಲೆಟರ್‌ಹೆಡ್ಡಿನ ವಿಳಾಸ ವಿಲ್ಮಿಂಗ್ಟನ್ ಆದರೂ ಅಷ್ಟೇ, ಶಿವಮೊಗ್ಗದ ವಿನೋಬನಗರವಾದರೂ ಅಷ್ಟೇ. ಒಂದು ಲೆಕ್ಕದಲ್ಲಿ ಫಜೀತಿ ಹೆಚ್ಚುತ್ತದೆ. ಈವರೆಗೆ ಅಲ್ಲಿನ ಆಮದುದಾರ ಹೊರುತ್ತಿದ್ದ ಸುಂಕ, ತಪಾಸಣೆ, ಗ್ರಾಹಕರ ದೂರು ಇವೆಲ್ಲ ಈಗ ಆಮದುದಾರನ ಜಾಗದಲ್ಲಿ ನಿಂತ ನಿಮ್ಮ ಕಂಪನಿಯ ತಲೆಗೇ ಬರುತ್ತವೆ.

ಅಲ್ಲೇ ಗೋದಾಮು ಇಟ್ಟು, ಅಲ್ಲಿನ ಅಂಗಡಿಗಳಿಗೆ ನೇರವಾಗಿ ಸರಬರಾಜು ಮಾಡುವಷ್ಟು ವ್ಯಾಪಾರ ಬೆಳೆದಿದ್ದರೆ ಆ ಹೊಣೆ ಹೊರಲು ಒಂದು ಕಂಪನಿ ಬೇಕೇ ಬೇಕು. ಆ ಹಂತಕ್ಕೆ ಮುಟ್ಟಿದವರ ಮಾತು ಬೇರೆ.

ಹೊಸ್ತಿಲಲ್ಲೇ ಇರುವ ಫೆಮಾ

ಜಾಹೀರಾತಿನಲ್ಲಿ ಒಂದಕ್ಷರವೂ ಬರದ, ಜನ ಎಡವಿ ಬೀಳುವ ಜಾಗ ಇದು. ವಿದೇಶಿ ಕಂಪನಿಯಲ್ಲಿ ಪಾಲು ಪಡೆಯುವುದು ಭಾರತದ ವಿದೇಶಿ ವಿನಿಮಯ ಕಾನೂನಿನ, ಅಂದರೆ ಫೆಮಾದ, ಪ್ರಕಾರ ಸಾಗರೋತ್ತರ ಹೂಡಿಕೆ. 2022ರ ಆಗಸ್ಟ್ 22ರಂದು ಜಾರಿಗೆ ಬಂದ ನಿಯಮಗಳು ಇದಕ್ಕೆ ಅನ್ವಯ. ವ್ಯಕ್ತಿಯೊಬ್ಬ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗಿನ ಮಿತಿಯೊಳಗೆ ಹೂಡಬಹುದು. ಆದರೆ ಅಧಿಕೃತ ಬ್ಯಾಂಕಿನ ಮೂಲಕ ನಿಗದಿತ ಫಾರಂ ಕೊಟ್ಟು, ಆ ಹೂಡಿಕೆಗೆ ವಿಶಿಷ್ಟ ಸಂಖ್ಯೆ ಪಡೆದು, ಆಮೇಲೆ ಹಣ ಕಳಿಸಬೇಕು. ರಾತ್ರಿ ಹನ್ನೊಂದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿ ಎಲ್‌ಎಲ್‌ಸಿ ಮಾಡಿಕೊಂಡವರಲ್ಲಿ ಎಷ್ಟು ಜನ ಮರುದಿನ ಬ್ಯಾಂಕಿಗೆ ಹೋಗಿ ಈ ಫಾರಂ ಕೇಳುತ್ತಾರೆ? ಕೇಳಿದರೂ ತಾಲ್ಲೂಕಿನ ಶಾಖೆಯಲ್ಲಿ ಅದರ ಅಭ್ಯಾಸ ಇರುವವರು ಸಿಗುವುದು ಅಪರೂಪ. ಕಡತ ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಹೋಗಬೇಕಾಗುತ್ತದೆ.

ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಭಾರತದಲ್ಲಿ ನೆಲೆಸಿದ ವ್ಯಕ್ತಿಗೆ ವಿದೇಶಿ ಕಂಪನಿಯ ಮೇಲೆ ನಿಯಂತ್ರಣ ಇದ್ದರೆ, ಆ ಕಂಪನಿಗೆ ಕೆಳಗೆ ಅಂಗಸಂಸ್ಥೆ ಇರಕೂಡದು. ಶೇ 10ರಷ್ಟು ಮತಾಧಿಕಾರವೂ ನಿಯಂತ್ರಣದ ಲೆಕ್ಕಕ್ಕೆ ಬರಬಹುದು. 'ಮೇಲೆ ಅಮೆರಿಕದ ಕಂಪನಿ, ಅದರ ಕೆಳಗೆ ಶಿವಮೊಗ್ಗದ ಪ್ರೈವೇಟ್ ಲಿಮಿಟೆಡ್' ಎಂಬ, ಕೇಳಲು ಚಂದವಾದ ಏರ್ಪಾಡು ಶಿವಮೊಗ್ಗದಲ್ಲೇ ಇರುವ ಸ್ಥಾಪಕನಿಗೆ ಸಿಕ್ಕಿಬೀಳುವುದು ಇಲ್ಲಿ. ಉಲ್ಲಂಘನೆಗೆ ದಂಡ, ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೆ.

ಎಲ್ಲವನ್ನೂ ಸರಿಯಾಗಿಯೇ ಮಾಡಿದಿರಿ ಎನ್ನೋಣ. ಆಗ ಮನೆಯ ಗೋಡೆಯ ಮೇಲೆ ಎರಡು ಪಂಚಾಂಗ ತೂಗುಹಾಕಬೇಕು. ಏಪ್ರಿಲ್ 15ರೊಳಗೆ, ತೆರಿಗೆ ಸೊನ್ನೆಯಾದರೂ, ವಿದೇಶಿ ಮಾಲೀಕನ ಎಲ್‌ಎಲ್‌ಸಿ ಅಮೆರಿಕಕ್ಕೆ 5472 ಎಂಬ ನಮೂನೆ ಸಲ್ಲಿಸಬೇಕು. ತಪ್ಪಿದರೆ ದಂಡ 25,000 ಡಾಲರ್, ಇವತ್ತಿನ ಲೆಕ್ಕದಲ್ಲಿ 20 ಲಕ್ಷ ರೂಪಾಯಿ ದಾಟುತ್ತದೆ. ಜೂನ್ 1ಕ್ಕೆ ಡೆಲವೇರ್‌ಗೆ 300 ಡಾಲರ್ ವಾರ್ಷಿಕ ತೆರಿಗೆ. ಅಲ್ಲಿನ ವಿಳಾಸ ಕೊಟ್ಟ ಏಜೆಂಟ್‌ಗೆ ಅವರ ಶುಲ್ಕ. ಇಲ್ಲಿನ ಐಟಿಆರ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ. ಅದರಲ್ಲೂ ಒಂದು ಗಮ್ಮತ್ತಿದೆ, ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್ ಆದರೂ ಈ ಪಟ್ಟಿ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕವನ್ನು. ವಿದೇಶಿ ಆಸ್ತಿ ಇದ್ದವರು ಸರಳವಾದ ಒಂದನೆಯ, ನಾಲ್ಕನೆಯ ನಮೂನೆ ಬಳಸುವಂತಿಲ್ಲ. ಪಟ್ಟಿ ಕೊಡದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷದ ದಂಡ. ಸ್ಥಿರಾಸ್ತಿ ಬಿಟ್ಟು ಒಟ್ಟು ಮೌಲ್ಯ 20 ಲಕ್ಷ ಮೀರದವರಿಗೆ 2024ರ ಅಕ್ಟೋಬರ್‌ನಿಂದ ಇದರಲ್ಲಿ ರಿಯಾಯಿತಿ ಉಂಟು. ಡಿಸೆಂಬರ್ 31ರೊಳಗೆ ವಿದೇಶಿ ಕಂಪನಿಯ ವಾರ್ಷಿಕ ಸಾಧನಾ ವರದಿ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ.

ಕಾರ್ಪೊರೇಷನ್ ಮಾಡಿದವರಿಗೆ ಮಾರ್ಚ್ 1ರ ಹೊತ್ತಿಗೆ ಒಂದು ಎದೆ ಧಸಕ್ಕೆನ್ನುವ ಬಿಲ್ಲೂ ಬರುತ್ತದೆ. ಬೆಳೆಯುವ ಕನಸಿನ ಕಂಪನಿಗಳು ಆರಂಭದಲ್ಲೇ 1 ಕೋಟಿ ಷೇರುಗಳಿಗೆ ಅಧಿಕಾರ ಪಡೆಯುವುದು ರೂಢಿ. ಷೇರಿನ ಸಂಖ್ಯೆ ನೋಡಿ ಲೆಕ್ಕ ಹಾಕುವ ಡೆಲವೇರ್‌ನ ಪದ್ಧತಿಯಲ್ಲಿ ಇದಕ್ಕೆ ತೆರಿಗೆ 85,165 ಡಾಲರ್. ಒಂದು ಪೈಸೆ ವ್ಯಾಪಾರ ಆಗಿರದಿದ್ದರೂ ನೋಟಿಸಿನಲ್ಲಿ ಆ ಅಂಕಿಯೇ ಇರುತ್ತದೆ. ಆಸ್ತಿಯ ಆಧಾರದ ಇನ್ನೊಂದು ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಅದೇ ಕಂಪನಿಗೆ ಕನಿಷ್ಠ 400 ಡಾಲರಿಗೆ ಮುಗಿಯಬಹುದು. ಎರಡನೆಯದನ್ನು ಆರಿಸಿಕೊಳ್ಳಬಹುದೆಂದು ಗೊತ್ತಿರಬೇಕಷ್ಟೆ.

ಲಂಡನ್, ಸಿಂಗಪುರ, ದುಬೈ

ಉಳಿದ ಪ್ರತಿಷ್ಠಿತ ವಿಳಾಸಗಳ ಕತೆಯೂ ಸುಲಭದಿಂದ ಕಠಿಣದ ಕಡೆಗೇ ಸಾಗುತ್ತಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ವರೆಗೆ 12 ಪೌಂಡ್ ಕೊಟ್ಟರೆ ಕಂಪನಿ ಹುಟ್ಟುತ್ತಿತ್ತು, ಹೆಸರು ನಿಜವೋ ಸುಳ್ಳೋ ನೋಡುವವರಿರಲಿಲ್ಲ. ವಂಚಕರು ಅದನ್ನು ಹಾಡಹಗಲೇ ಬಳಸಿಕೊಂಡರು. 2024ರ ಮಾರ್ಚ್ 4ರಿಂದ ಅಂಚೆಪೆಟ್ಟಿಗೆಯ ವಿಳಾಸ ನಿಂತಿತು, ಮೇ 1ರಿಂದ ಶುಲ್ಕ 50 ಪೌಂಡ್ ಆಯಿತು, 2025ರ ನವೆಂಬರ್ 18ರಿಂದ ನಿರ್ದೇಶಕರ ಗುರುತಿನ ಪರಿಶೀಲನೆ ಕಡ್ಡಾಯವಾಯಿತು. ಸಿಂಗಪುರದಲ್ಲಿ ಅಲ್ಲೇ ವಾಸಿಸುವ ಒಬ್ಬ ನಿರ್ದೇಶಕ ಇರಲೇಬೇಕು. ಊರಿನವರಿಗೆ ಅಂಥವರು ಸಿಗುವುದು ಬಾಡಿಗೆಗೆ, ವರ್ಷ ವರ್ಷ ಹಣ ಕೊಟ್ಟು. ದುಬೈ ಇರುವ ಯುಎಇ 2023ರ ಜೂನ್‌ನಿಂದ 3.75 ಲಕ್ಷ ದಿರ್ಹಮ್ ದಾಟಿದ ಲಾಭಕ್ಕೆ ಶೇ 9 ತೆರಿಗೆ ಹಾಕಿದೆ. ಅಲ್ಲಿಗೆ ಹೋಗಿ ನೆಲೆಸುವವರಿಗೆ ದುಬೈ ಲಾಭದಾಯಕವೇ. ಸಾಗರದಲ್ಲಿ ನೆಲೆಸಿ ದುಬೈನಲ್ಲಿ ಬೋರ್ಡು ಹಾಕಿದವರ ಆದಾಯ ತೆರಿಗೆ ಮಾತ್ರ ಸಾಗರದ್ದೇ.

ಹಾಗಾದರೆ ಯಾರಿಗೆ ಸರಿ?

ಪರವಾಗಿ ಮಾತಾಡುವವರ ವಾದದಲ್ಲಿ ಹುರುಳಿದೆ. ಅಮೆರಿಕದ ದೊಡ್ಡ ಕಂಪನಿಯ ಖರೀದಿ ವಿಭಾಗಕ್ಕೆ ತನ್ನ ದೇಶದ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಸಲೀಸು. ವ್ಯಾಜ್ಯವಾದರೆ ವರ್ಷಗಟ್ಟಲೆ ಎಳೆಯುವ ನಮ್ಮ ನ್ಯಾಯಾಲಯಗಳಿಗಿಂತ ಚಾನ್ಸರಿ ವೇಗ. ಹಣ ಹೂಡುವವನೇ 'ಡೆಲವೇರ್ ಆದರೆ ಮಾತ್ರ' ಎಂದು ಷರತ್ತು ಹಾಕಿದರೆ ಚರ್ಚೆಯೇ ಇಲ್ಲ, ಮಾಡಬೇಕು. ಆ ಹಣದಲ್ಲೇ ವಕೀಲರ ಖರ್ಚೂ ಹುಟ್ಟುತ್ತದೆ, ಫೆಮಾದ ಗಂಟು ಬಿಚ್ಚಲು ಅನುಭವಿಗಳೂ ಸಿಗುತ್ತಾರೆ.

ಅಂಥ ಹೂಡಿಕೆದಾರ ಎದುರಿಗೆ ಕೂತಿಲ್ಲದಿದ್ದಾಗ ವಿದೇಶಿ ನೋಂದಣಿ ಮಾಡಿಸುವುದು, ಈ ಲೇಖಕನ ಅಂದಾಜಿನಲ್ಲಿ, ಹೆಣ್ಣು ಗೊತ್ತಾಗುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟಂತೆ. ಡೆಲವೇರ್‌ನ ಕಾನೂನು ಉತ್ತಮವಾಗಿರುವುದು ಷೇರುದಾರರ ನಡುವಿನ ಜಗಳ ಬಿಡಿಸಲು. ಒಬ್ಬನೇ ಷೇರುದಾರನಿರುವ ಕಂಪನಿಯಲ್ಲಿ ಜಗಳ ಯಾರ ಜೊತೆ? ಹಣ ತರಿಸಿಕೊಳ್ಳುವುದೇ ಸಮಸ್ಯೆಯಾಗಿದ್ದರೆ ಅದಕ್ಕೆ ಇಲ್ಲೇ ದಾರಿಗಳು ತೆರೆದಿವೆ. ಗಡಿಯಾಚೆಗಿನ ಪಾವತಿ ಸಂಗ್ರಾಹಕರಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 31ರಂದು ಪ್ರತ್ಯೇಕ ಚೌಕಟ್ಟು ಕೊಟ್ಟಿತು. ಒಂದು ಸರಕು ಅಥವಾ ಸೇವೆಗೆ 25 ಲಕ್ಷ ರೂಪಾಯಿವರೆಗೆ ಅವರ ಮೂಲಕ ತರಿಸಬಹುದು. ಕಂಪನಿಯೇ ಬೇಕೆಂದರೆ, ಅಧಿಕೃತ ಬಂಡವಾಳ 15 ಲಕ್ಷದವರೆಗೆ ಇದ್ದಲ್ಲಿ ಭಾರತದಲ್ಲಿ ಕೇಂದ್ರದ ನೋಂದಣಿ ಶುಲ್ಕ ಸೊನ್ನೆ, ಮುದ್ರಾಂಕ ಮತ್ತು ವೃತ್ತಿಪರರ ಖರ್ಚು ಮಾತ್ರ. ಮುಂದೆ ಹೂಡಿಕೆದಾರ ಬಂದರೆ ಆಗ ಹೊರಗೆ ಹೋಗುವ ಬಾಗಿಲು ಮುಚ್ಚಿರುವುದಿಲ್ಲ. ದೊಡ್ಡವರ ಅನುಭವ ನೋಡಿದರೆ ದುಬಾರಿಯಾದದ್ದು ತಿರುಗಿ ಬರುವ ದಾರಿ.

ಇನ್ನು, ಯಾರೂ ನೋಡುವುದಿಲ್ಲ ಎಂಬ ಧೈರ್ಯ. ದೇಶಗಳ ನಡುವೆ ಹಣಕಾಸು ಖಾತೆಗಳ ಮಾಹಿತಿ ತಾನಾಗಿ ವಿನಿಮಯವಾಗುತ್ತಿದೆ. 2024ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ, ವಿದೇಶಿ ಆಸ್ತಿ ಇದ್ದೂ ರಿಟರ್ನ್ಸ್‌ನಲ್ಲಿ ತೋರಿಸದವರಿಗೆ ಸಂದೇಶ ಕಳಿಸುವ ಅಭಿಯಾನವನ್ನೇ ನಡೆಸಿತು, ಮರುವರ್ಷ ಮತ್ತೊಂದು ಸುತ್ತು ಮಾಡಿತು.

ಮಾಡಿದ್ದಾಗಿದೆ, ಈಗ ಬೇಡ ಎನ್ನುವವರಿಗೆ

ಉತ್ಸಾಹದಲ್ಲಿ ಎಲ್‌ಎಲ್‌ಸಿ ಮಾಡಿ, ಬಳಸದೆ ಬಿಟ್ಟವರು ಕಡಿಮೆಯಿಲ್ಲ. ಬಿಟ್ಟರೆ ತಾನಾಗಿ ಸಾಯುತ್ತದೆ ಎಂದುಕೊಂಡಿರುತ್ತಾರೆ. ಡೆಲವೇರ್‌ನಲ್ಲಿ ಜೂನ್ 1 ದಾಟಿದರೆ 300 ಡಾಲರ್ ತೆರಿಗೆಯ ಮೇಲೆ 200 ಡಾಲರ್ ದಂಡ, ಜೊತೆಗೆ ತಿಂಗಳಿಗೆ ಶೇ 1.5 ಬಡ್ಡಿ. ಸರಿಯಾದ ದಾರಿ ಎಂದರೆ ಬಾಕಿ ಕಟ್ಟಿ ರದ್ದತಿ ಪತ್ರ ಸಲ್ಲಿಸುವುದು, ಆ ವರ್ಷದ 5472 ನಮೂನೆಯನ್ನು ಕೊನೆಯ ಬಾರಿ ಕೊಡುವುದು, ಇಲ್ಲಿ ಹೂಡಿಕೆ ಹಿಂಪಡೆದ ಬಗ್ಗೆ ಬ್ಯಾಂಕಿಗೆ 30 ದಿನದೊಳಗೆ ತಿಳಿಸುವುದು. ಮೊದಲ ಫಾರಂ ಕೊಟ್ಟೇ ಇರದಿದ್ದರೆ ಅದನ್ನು ತಡವಾದ ಶುಲ್ಕ ಕಟ್ಟಿ ಸರಿಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೊಸ ಸಾಗರೋತ್ತರ ಹೂಡಿಕೆಗೆ ಬ್ಯಾಂಕು ಹಣ ಬಿಡುವುದಿಲ್ಲ.

ಮೂರು ವರ್ಷ ತೆರಿಗೆ ಕಟ್ಟದಿದ್ದರೆ ಡೆಲವೇರ್ ಆ ಎಲ್‌ಎಲ್‌ಸಿಯ ನೋಂದಣಿಯನ್ನು ತಾನೇ ರದ್ದು ಮಾಡುತ್ತದೆ. ರಿಸರ್ವ್ ಬ್ಯಾಂಕಿನ ಕಡತದಲ್ಲಿ ಮಾತ್ರ ಅದು, ಮಾಲೀಕರು ಹೋಗಿ ಹೇಳುವವರೆಗೆ, ಬದುಕಿಯೇ ಇರುತ್ತದೆ. ಪ್ರತಿ ಡಿಸೆಂಬರ್ 31ಕ್ಕೆ ವರದಿ ಬಾಕಿ ಎಂದು ತೋರಿಸುತ್ತ.